ಇಲ್ಲದ ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ಆತ್ಮಕಥೆ ಹೇಳಿಕೊಳ್ಳುವಷ್ಟು ದೊಡ್ಡ ವಸ್ತು ನಾನಲ್ಲ. ರುಬ್ಬುವ ಕಲ್ಲೋ ಗೋಡೆ ಗಡಿಯಾರವೋ ಆಗಿದ್ದರೆ ಮೂರು ತಲೆಮಾರು ಕಂಡ ಧೈರ್ಯವಾದರೂ ಇರುತ್ತಿತ್ತು. ನನ್ನದು ಒಂದು ಎಮ್ಮೆಯ ಆಯುಷ್ಯಕ್ಕಿಂತ ಕಡಿಮೆ ಬಾಳು. ಮೇಲಾಗಿ ನಾನು ಬದುಕಿನುದ್ದಕ್ಕೂ ತೋರಿಸಿದ್ದು ಇನ್ನೂ ಇಲ್ಲದ ವಸ್ತುಗಳನ್ನು. ಇಲ್ಲದ್ದನ್ನು ತೋರಿಸುವವರ ಮಾತನ್ನು ನಂಬಿ ಎಂದು ಹೇಳಲು ನನಗೇ ಸಂಕೋಚ. ಆದರೂ ಬಳ್ಳಾರಿಯ ಕೆಲವು ಹೆಂಗಸರು ಒಂದು ಬೇಸಿಗೆಯಲ್ಲಿ ನನ್ನನ್ನು ಕಣ್ಣಿಗೆ ಕಟ್ಟಿಕೊಂಡು ಮಾಡಿದ ಕೆಲಸವನ್ನು ಯಾರಾದರೂ ಹೇಳಬೇಕು. ಅವರಿಗೆ ಪುರುಸೊತ್ತಿಲ್ಲ. ನನಗೆ ಈಗ ಉಳಿದಿರುವುದು ಅದೊಂದೇ.

ನಾನು ಒಂದು ವಿಆರ್ ಕನ್ನಡಕ. ಕನ್ನಡಕ ಎಂದಾಕ್ಷಣ ಮೂಗಿನ ಮೇಲೆ ಕೂರುವ ತೆಳ್ಳಗಿನದನ್ನು ನೆನೆಯಬೇಡಿ. ನಾನು ಟಿಫಿನ್ ಡಬ್ಬಿಯಷ್ಟು ದಪ್ಪ. ತಲೆಗೆ ಪಟ್ಟಿ ಬಿಗಿದು ನನ್ನನ್ನು ಕಟ್ಟಿಕೊಂಡರೆ ಎದುರಿಗಿರುವ ಕೋಣೆ ಮಾಯವಾಗಿ ಬೇರೊಂದು ಜಾಗ ಕಾಣುತ್ತದೆ. ತಲೆ ತಿರುಗಿಸಿದರೆ ಆ ಜಾಗವೂ ತಿರುಗುತ್ತದೆ, ಹೆಜ್ಜೆಯಿಟ್ಟರೆ ಒಳಗೆ ಹೋಗಬಹುದು. ಕಟ್ಟುವ ಮೊದಲೇ ಕಟ್ಟಡದೊಳಗೆ ಓಡಾಡಿಸುವುದು ನನ್ನ ಕಸುಬು. ಹೊರಗಡೆ ನೋಡಲು ನನ್ನ ಮೂತಿಯಲ್ಲಿ ಸಣ್ಣ ಸಣ್ಣ ಕ್ಯಾಮೆರಾಗಳಿವೆ. ಅವು ಹೆಚ್ಚಾಗಿ ಕೆಳಗೇ ನೋಡುತ್ತವೆ. ಹಾಗಾಗಿ ಜನರ ಮುಖಕ್ಕಿಂತ ಪಾದಗಳ ಪರಿಚಯ ನನಗೆ ಜಾಸ್ತಿ. ಒಳಗಡೆಯಿಂದ ಕಾಣುವುದು ಕಣ್ಣುಗಳು ಮಾತ್ರ, ರೆಪ್ಪೆ ನನ್ನ ಗಾಜಿಗೆ ತಾಗುವಷ್ಟು ಹತ್ತಿರ.

ಹುಟ್ಟಿದ್ದು ಎಲ್ಲಿ ಎಂದು ಸರಿಯಾಗಿ ಹೇಳಲಾರೆ. ಬಿಳಿ ಕೈಗವಸು ತೊಟ್ಟ ಬೆರಳುಗಳು ನನ್ನ ಗಾಜುಗಳನ್ನು ಕೂರಿಸಿದವು, ಒಮ್ಮೆ ದೀಪ ಹಚ್ಚಿ ನೋಡಿ ಆರಿಸಿದವು, ಆಮೇಲೆ ಡಬ್ಬಿಯ ಕತ್ತಲು. ಮುಚ್ಚಳ ತೆರೆದಾಗ ಬಳ್ಳಾರಿಯಲ್ಲಿದ್ದೆ, ಕೋಟೆಗುಡ್ಡ ಕಾಣುವ ಒಂದು ಮೂರನೆಯ ಮಹಡಿಯ ಕಚೇರಿಯಲ್ಲಿ. ಕೊಂಡವರು ಪ್ರಹ್ಲಾದ ಕಟ್ಟಿ. ಧಾರವಾಡದ ಕಡೆಯವರು, ಕಟ್ಟಡಗಳ ನಕ್ಷೆ ಮಾಡುವವರು. ಎಲ್ಲರ ಬಾಯಲ್ಲೂ ಕಟ್ಟಿ ಸರ್.

ಕಟ್ಟಿ ಸರ್ ನನ್ನನ್ನು ಗಿರಾಕಿಗಳಿಗೆ ತೊಡಿಸುತ್ತಿದ್ದರು. ಮದುವೆ ಮಂಟಪ ಕಟ್ಟಿಸುವವರು, ನರ್ಸಿಂಗ್ ಹೋಂ ಕಟ್ಟಿಸುವವರು ನನ್ನೊಳಗೆ ಇಣುಕಿ ಬೆರಗಾಗುತ್ತಿದ್ದರು. ಏಕೆಂದರೆ ಅಲ್ಲಿ ಯಾವಾಗಲೂ ಡಿಸೆಂಬರ್ ತಿಂಗಳ ಎಳೆ ಬೆಳಗು. ಸೂರ್ಯನನ್ನು ಒಂದು ಕಡೆ ನಿಲ್ಲಿಸಿಬಿಟ್ಟಿದ್ದರು. ಬಳ್ಳಾರಿಯ ಕೆಂಪು ಧೂಳು ಯಾವ ಗಾಜಿನ ಮೇಲೂ ಕೂರುತ್ತಿರಲಿಲ್ಲ. ಯಾವ ಕಟ್ಟಡಕ್ಕೂ ಕರೆಂಟ್ ಬಿಲ್ಲು ಬರುತ್ತಿರಲಿಲ್ಲ. ಅದೇ ಜಗತ್ತು ಎಂದು ನಾನೂ ತಿಳಿದಿದ್ದೆ.

ಅದೇ ಕಚೇರಿಯ ಮೂಲೆಯಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತಿದ್ದವಳು ಪಾರಿಜಾತ. ಹಗಲು ಕೆಲಸ, ಸಂಜೆ ಡಿಪ್ಲೊಮಾ ತರಗತಿ. ಒಂದು ಗೆರೆ ಎಳೆದರೆ ಎರಡು ಸಲ ಅಳೆಯುವವಳು. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ, ‘ಇರಬಹುದು ಸರ್, ಇನ್ನೊಮ್ಮೆ ನೋಡ್ತೀನಿ’ ಎನ್ನುವವಳು. ನನ್ನ ಪಟ್ಟಿ ಹರಿದು, ಕಟ್ಟಿ ಸರ್ ಹೊಸ ಕನ್ನಡಕ ತರಿಸಿದಾಗ, ‘ಹಳೇದನ್ನ ನೀನು ಇಟ್ಕೋ, ಕಲಿಯಾಕ ಬರ್ತೈತಿ’ ಎಂದು ನನ್ನನ್ನು ಅವಳ ಮೇಜಿನ ಮೇಲಿಟ್ಟರು.

ಹರಿದ ಪಟ್ಟಿಗೆ ಗಂಟು ಹಾಕಿಸಿಕೊಂಡು ಅಂದಿನಿಂದ ನಾನೂ ಸಂಜೆ ತರಗತಿಗೆ ಹೋಗತೊಡಗಿದೆ. ನನಗಿರುವ ಅಲ್ಪಸ್ವಲ್ಪ ವಿದ್ಯೆ ಅಲ್ಲಿಯದು. ತಪ್ಪಿದ್ದರೆ ಮೇಷ್ಟ್ರದಲ್ಲ, ನನ್ನದೇ. ಗೃಹಪ್ರವೇಶದ ದಿನ ಕಟ್ಟಡದ ಖರ್ಚು ಮುಗಿಯುವುದಿಲ್ಲ, ಅವತ್ತು ಶುರುವಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಮಾಡು ಹೀರುವ ಬಿಸಿಲು, ಅದನ್ನು ಹೊರದಬ್ಬಲು ಸುಡುವ ಕರೆಂಟು, ಇಟ್ಟಿಗೆ ಬೇಯಲು ಉರಿದ ಕಟ್ಟಿಗೆ, ಇವೆಲ್ಲ ಬೆಲೆಯೇ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಪಾರಿಜಾತ ಮರಳಿ ಬಂದು ನನ್ನೊಳಗಿನ ಸೂರ್ಯನನ್ನು ಮೆಲ್ಲಗೆ ಅಲ್ಲಾಡಿಸಿ ನೋಡುತ್ತಿದ್ದಳು. ಮತ್ತೆ ಭಯಪಟ್ಟು ಡಿಸೆಂಬರಿಗೇ ತಂದು ನಿಲ್ಲಿಸುತ್ತಿದ್ದಳು.

ಆ ವರ್ಷದ ಏಪ್ರಿಲಿನಲ್ಲಿ ಹೊಲಿಗೆಯವರ ಸಂಘದ ಕೆಲಸ ಬಂತು.

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು ಓಣಿ ಓಣಿಗೂ ಇದ್ದಾರೆ. ಈ ಸಂಘದ ಹೆಂಗಸರು ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ಕೂತು ಹೊಲಿಯುತ್ತಿದ್ದರು. ಎಷ್ಟು ಪ್ಯಾಂಟೋ ಅಷ್ಟು ಕೂಲಿ. ಬೇಸಿಗೆಯ ಮಧ್ಯಾಹ್ನ ಶೆಡ್ಡು ಕಾದು ಕೂರಲಾಗದೆ ಎದ್ದುಹೋದರೆ ಆ ಹೊತ್ತಿನ ಕೂಲಿ ಇಲ್ಲ. ಅದಕ್ಕೇ ಹಲವು ವರ್ಷ ಷೇರು ಕೂಡಿಟ್ಟು, ಊರಾಚೆ ಒಂದು ನಿವೇಶನ ಹಿಡಿದು, ಸ್ವಂತ ಹೊಲಿಗೆ ಮನೆ ಕಟ್ಟಲು ಹೊರಟಿದ್ದರು. ಬೇಕಾದದ್ದು ಒಂದೇ: ಏಪ್ರಿಲ್, ಮೇ ತಿಂಗಳ ಮಧ್ಯಾಹ್ನವೂ ಕೂತು ಹೊಲಿಯುವ ಜಾಗ, ದುಡಿದದ್ದನ್ನು ತಾನೇ ತಿನ್ನದ ಜಾಗ. ಕೂಡಿಟ್ಟದ್ದು ಒಮ್ಮೆ ಕಟ್ಟಲು ಮಾತ್ರ ಸಾಕು. ತಪ್ಪು ಕಟ್ಟಿದರೆ ಮತ್ತೆ ಕಟ್ಟುವ ಮಾತಿಲ್ಲ.

ಸಂಘದ ಅಧ್ಯಕ್ಷೆ ಹಂಪಮ್ಮ. ಐವತ್ತು ದಾಟಿದವಳು, ಗಟ್ಟಿ ದನಿ. ಕಟ್ಟಿ ಸರ್ ಅವರಿಗೆ ಕಬ್ಬಿಣದ ಕಂಬ, ತಗಡಿನ ಮಾಡು, ರಸ್ತೆಯ ಕಡೆಗೆ ಪೂರ್ತಿ ಗಾಜಿನ ಮುಖ, ಒಳಗೆ ಎಸಿ ಇರುವ ಒಂದು ನಕ್ಷೆ ಮಾಡಿದ್ದರು. ಬೇಗ ಎದ್ದು ನಿಲ್ಲುತ್ತದೆ, ಕಟ್ಟುವ ಖರ್ಚು ಕಡಿಮೆ. ಅದನ್ನು ತೋರಿಸಲು ಪಾರಿಜಾತಳನ್ನೂ ನನ್ನನ್ನೂ ಶೆಡ್ಡಿಗೆ ಕಳಿಸಿದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಂಗಸರು ಸುತ್ತ ನೆರೆದರು.

‘ಇದೇನವ್ವ, ಜಟಕಾ ಕುದುರೆ ಕಣ್ಣಿಗೆ ಕಟ್ಟೋದು ತಂದೀಯ?’ ಎಂದಳು ಹಂಪಮ್ಮ.

‘ಮೊದಲು ಮಾಬುನ್ನಿಗೆ ಕಟ್ಟಿ ಮೇಡಂ’ ಎಂದರು ಯಾರೋ. ‘ಅವಳು ಒದ್ದರೂ ಓಡಲ್ಲ.’

ಮಾಬುನ್ನಿ ಜೇಬು ಹೊಲಿಯುವವಳು, ತೆಳ್ಳಗಿನ ಆಳು, ನಗೆಗೆ ಕಾರಣ ಬೇಕಿಲ್ಲದವಳು. ಸೆರಗು ಸರಿಮಾಡಿಕೊಂಡು ನನ್ನನ್ನು ಕಟ್ಟಿಸಿಕೊಂಡಳು. ಎದುರಿಗೆ ಗಾಜಿನ ಬಾಗಿಲು ಮೂಡಿತು. ಅವಳು ಒಳಗೆ ಹೆಜ್ಜೆಯಿಡುವ ಮುನ್ನ ನಿಂತು ಎರಡೂ ಚಪ್ಪಲಿ ಕಳಚಿಟ್ಟಳು. ಬಲಗಾಲು ಎತ್ತಿ, ಇಲ್ಲದ ಹೊಸ್ತಿಲನ್ನು ದಾಟಿದಳು.

ಶೆಡ್ಡು ನಗೆಯಲ್ಲಿ ಮುಳುಗಿತು. ‘ಚಪ್ಪಲಿ ಯಾಕೆ ಬಿಟ್ಟಿಯೇ?’ ಎಂದು ಹಂಪಮ್ಮ ಕೇಳಿದರೆ, ‘ಹೊಸಾ ಮನೆ ಅಕ್ಕ, ಮೆಟ್ಕೊಂಡು ಹೆಂಗೆ ಹೋಗ್ಲಿ?’ ಎಂದಳು ಮಾಬುನ್ನಿ.

ಕಚೇರಿಗೆ ಬರುತ್ತಿದ್ದ ಗಿರಾಕಿಗಳು ಯಾರೂ ಬೂಟು ಬಿಚ್ಚಿದವರಲ್ಲ. ನಾನು ತೋರಿಸುವ ಮನೆಗೆ ಇಷ್ಟು ಮರ್ಯಾದೆ ಕೊಟ್ಟ ಮೊದಲ ಜೀವ ಇವಳು. ಅವಳು ನನ್ನೊಳಗಿನ ಹಜಾರದಲ್ಲಿ ಮುಂದೆ ಮುಂದೆ ನಡೆದಳು. ನಿಜವಾದ ಶೆಡ್ಡಿನಲ್ಲಿ ಅದು ಷಟರ್ ಬಾಗಿಲ ಕಡೆ. ಅಲ್ಲಿ ಸಿಮೆಂಟಿನ ನೆಲಕ್ಕೆ ಬಿಸಿಲು ಬಿದ್ದು ಕಾದಿತ್ತು. ಅವಳ ಬೆರಳುಗಳು ಮುದುಡಿದ್ದನ್ನು, ಹಿಮ್ಮಡಿ ಎದ್ದದ್ದನ್ನು ನಾನು ಕಂಡೆ. ಆದರೂ ಅವಳು ನಿಂತೇ ಇದ್ದಳು.

‘ಮೇಡಂ, ಒಳಗೆ ತಣ್ಣಗೆ ಕಾಣ್ತೈತೆ, ಕಾಲು ಸುಡ್ತೈತೆ. ಇದರಲ್ಲಿ ಯಾವುದು ಸುಳ್ಳು?’

ತಮಾಷೆಗೆ ಕೇಳಿದ ಮಾತು. ಎಲ್ಲರೂ ಮತ್ತೆ ನಕ್ಕರು. ಪಾರಿಜಾತ ನಗಲಿಲ್ಲ. ಹೊಲಿಯುವವರು ಮಿಷಿನ್ನಿನ ಪೆಡಲು ತುಳಿಯುವುದು ಬರಿಗಾಲಲ್ಲಿ, ದಿನವಿಡೀ. ಅವರು ಕೂರುವ ಜಾಗದಲ್ಲಿ ನಾನು ಬೆಳಗಿನ ಬಿಸಿಲನ್ನಷ್ಟೇ ತೋರಿಸುತ್ತಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ನನ್ನನ್ನು ಕಟ್ಟಿಕೊಂಡರು, ಒಬ್ಬೊಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದರು, ಗಾಜಿನ ಮುಖ ನೋಡಿ ಸಂತೋಷಪಟ್ಟರು. ಮುಂದಿನ ವಾರ ಒಪ್ಪಂದಕ್ಕೆ ಸಹಿ ಎಂದಾಯಿತು.

ಪಾರಿಜಾತ ಮರುದಿನ ಕಟ್ಟಿ ಸರ್ ಎದುರು ನಿಂತಳು. ಅವಳ ಕೈಯಲ್ಲಿ ನಾನಿದ್ದೆ.

‘ಸರ್, ಇದರಲ್ಲಿ ಸೂರ್ಯ ಅಲ್ಲಾಡೋದೇ ಇಲ್ಲ.’

‘ಅಲ್ಲಾಡಿಸಿದ್ರ ಗಿರಾಕಿ ಓಡಿಹೋಗ್ತಾರವಾ.’

‘ರಸ್ತೆ ಪಡುವಣಕ್ಕಿದೆ ಸರ್. ಗಾಜೂ ಪಡುವಣಕ್ಕೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಅವರ ಮಿಷಿನ್ ಮೇಲೆ ಬರುತ್ತೆ. ಎಸಿ ನಿಲ್ಲಿಸೋ ಹಾಗೇ ಇಲ್ಲ. ನಾನು ಇನ್ನೊಂದು ನಕ್ಷೆ ಮಾಡಿ ತೋರಿಸಲಾ?’

ಕಟ್ಟಿ ಸರ್ ಕೆಟ್ಟವರಲ್ಲ. ಅವರು ಕುರ್ಚಿ ಹಿಂದಕ್ಕೆ ಸರಿಸಿ ಅವಳನ್ನು ದಿಟ್ಟಿಸಿದರು. ‘ನೋಡು, ನೀ ಹೇಳೂದು ನನಗೂ ಗೊತ್ತೈತಿ. ಇಟ್ಟಿಗಿ ಗ್ವಾಡಿ, ದಪ್ಪ ಮಾಡು, ಎಲ್ಲಾ ಖರೆ. ಆದ್ರ ಅವರ ಕಡೆ ಅಷ್ಟು ರೊಕ್ಕ ಇಲ್ಲ. ಅರ್ಧಕ್ಕ ನಿಂತ ಗ್ವಾಡಿ ನೆರಳು ಕೊಡೂದಿಲ್ಲ. ತಗಡು ಆದ್ರ ಮುಗೀತೈತಿ.’

ಅದೂ ನಿಜವೇ. ಪಾರಿಜಾತ ತಲೆ ತಗ್ಗಿಸಿದಳು. ಆದರೆ ಹೊರಡಲಿಲ್ಲ. ಅವಳು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

‘ಆತು’ ಎಂದರು ಕೊನೆಗೆ. ‘ಎರಡನೇದೂ ತೋರ್ಸು. ಅರ್ಧಕ್ಕ ನಿಂತ್ರ ಅವರಿಗೆ ಉತ್ತರ ಹೇಳಾಕಿ ನೀನ.’

ಆ ವಾರ ಅವಳು ಇನ್ನೊಂದು ಹೊಲಿಗೆ ಮನೆಯನ್ನು ನನ್ನೊಳಗೆ ಕಟ್ಟಿದಳು. ನಡುವೆ ಪೊಳ್ಳು ಬಿಟ್ಟು ಕಟ್ಟುವ ಇಟ್ಟಿಗೆ ಗೋಡೆ. ಕಾಂಕ್ರೀಟಿನ ನಡುವೆ ಮಣ್ಣಿನ ಮಡಕೆಗಳನ್ನು ಬೋರಲು ಹಾಕಿ, ಅವುಗಳೊಳಗಿನ ಗಾಳಿ ಕಾವನ್ನು ತಡೆಯುವ ಹಾಗೆ ಮಾಡುವ ಮಾಡು. ಪಡುವಣಕ್ಕೆ ಕಿಟಕಿಯಿಲ್ಲ. ಬಡಗಣ ದಿಕ್ಕಿಗೆ ಎತ್ತರದ ಕಿಟಕಿಗಳು, ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಬಾಗಿಲ ಪಕ್ಕ ಗಾಳಿಯಾಡಲು ತೂತಿನ ಗೋಡೆ. ನೆಲಕ್ಕೆ ಕಡಪಾ ಕಲ್ಲು. ಎರಡೂ ಕಟ್ಟಡಗಳಲ್ಲಿ ಸೂರ್ಯನನ್ನು ಬಿಡಿಸಿ ಓಡಾಡಲು ಬಿಟ್ಟಳು. ಆದರೆ ಖರ್ಚನ್ನು ತೋರಿಸುವುದು ಹೇಗೆ ಎಂದು ತಿಳಿಯದೆ ಒದ್ದಾಡಿದಳು. ಗೋಡೆಯ ಮೇಲೆ ಅಂಕಿ ಬರೆದಳು, ಅಳಿಸಿದಳು. ಬಣ್ಣದ ಪಟ್ಟಿ ಹಾಕಿದಳು, ತೆಗೆದಳು. ಕೊನೆಗೆ ಒಂದು ಜೀನ್ಸ್ ಪ್ಯಾಂಟಿನ ಚಿತ್ರ ಮಾಡಿ ಮಡಿಸಿ ನೆಲದ ಮೇಲಿಟ್ಟಳು. ಅದರ ಮೇಲೆ ಇನ್ನೊಂದು. ಒಂದು ಪ್ಯಾಂಟು ಹೊಲಿದರೆ ಬರುವ ಕೂಲಿ ಆ ಹೆಂಗಸರಿಗೆಲ್ಲ ಬಾಯಿಪಾಠ. ಕಟ್ಟಡದ ಖರ್ಚೆಲ್ಲ ಪ್ಯಾಂಟುಗಳಾಗಿ ಗುಡ್ಡೆ ಬೀಳಲಿ ಎಂದು ನಿಶ್ಚಯಿಸಿದಳು. ಸರಿಯೋ ತಪ್ಪೋ ಎಂದು ಅವಳಿಗೆ ಅನುಮಾನವಿತ್ತು. ನನಗೂ ಇತ್ತು.

ಎರಡನೆಯ ಸಲ ಶೆಡ್ಡಿಗೆ ಹೋದಾಗ ಕಟ್ಟಿ ಸರ್ ಕೂಡ ಬಂದರು. ನಾನು ಕಾಣಿಸುವುದನ್ನೆಲ್ಲ ಎಲ್ಲರೂ ನೋಡಲೆಂದು ಪಾರಿಜಾತ ಗೋಡೆಗೊಂದು ಟಿವಿ ಒರಗಿಸಿದಳು. ನನ್ನನ್ನು ಹಂಪಮ್ಮನಿಗೆ ಕಟ್ಟಿದಳು. ಹಂಪಮ್ಮ ಚಪ್ಪಲಿ ಬಿಟ್ಟಳು. ಆ ಸಲ ಯಾರೂ ನಗಲಿಲ್ಲ.

ಮೊದಲು ಗಾಜಿನ ಕಟ್ಟಡ. ಸೂರ್ಯ ನೆತ್ತಿ ದಾಟಿ ಪಡುವಣಕ್ಕೆ ಇಳಿದ. ಗಾಜಿನಿಂದ ಒಳಬಂದ ಬಿಸಿಲು ಒಂದೊಂದೇ ಮಿಷಿನನ್ನು ನುಂಗುತ್ತ ಹಜಾರದ ತುದಿಯವರೆಗೆ ಹರಿಯಿತು.

‘ಬರಲಿ ಬಿಡು, ಎಸಿ ಐತಲ್ಲ’ ಎಂದಳು ಹಂಪಮ್ಮ.

‘ಐತೆ ಅಮ್ಮ. ಅದರ ಬಿಲ್ಲು ಎಷ್ಟು ಪ್ಯಾಂಟು ಅಂತ ನೋಡಿ’ ಎಂದು ಪಾರಿಜಾತ ವರ್ಷಗಳನ್ನು ಓಡಿಸತೊಡಗಿದಳು.

ಕಟ್ಟಿದ ದಿನದ ಗುಡ್ಡೆ ಸೊಂಟದೆತ್ತರ ಇತ್ತು. ಮೊದಲ ವರ್ಷದ ಬಿಲ್ಲು ಅದರ ಮೇಲೆ ಬಿತ್ತು. ಎರಡನೆಯದು, ಮೂರನೆಯದು. ತುಕ್ಕು ಹಿಡಿದ ತಗಡು ಬದಲಿಸಿದ ವರ್ಷ ಗುಡ್ಡೆ ಜಾರಿ ಮಿಷಿನುಗಳ ಮೇಲೆ ಹರಡಿತು. ನೀಲಿ ಪ್ಯಾಂಟುಗಳು ಕಿಟಕಿ ಮುಚ್ಚಿದವು, ಬಾಗಿಲು ಮುಚ್ಚಿದವು. ಹಂಪಮ್ಮ ಎರಡೂ ಕೈಯಿಂದ ಗಾಳಿಯನ್ನು ಪಕ್ಕಕ್ಕೆ ಸರಿಸಿದಳು.

‘ಅಕ್ಕ, ನನ್ನ ಮಿಷಿನ್ ಎಲ್ಲಿ?’ ಎಂದಳು ಟಿವಿಯ ಮುಂದೆ ಕೂತ ಮಾಬುನ್ನಿ.

‘ಪ್ಯಾಂಟಿನ ಕೆಳಗೆ ಹೋತು. ನೀನೂ ಅಲ್ಲೇ ಇದ್ದೀ.’

‘ಇಷ್ಟನ್ನ ಹೊಲಿಯೋಳು ಯಾರು?’

‘ಇನ್ಯಾರು, ನಾವೇ. ಕರೆಂಟಿನೋರಿಗೆ.’

ಆಮೇಲೆ ಇಟ್ಟಿಗೆಯ ಕಟ್ಟಡ. ಬಿಸಿಲು ಗೋಡೆಯ ಹೊರಗೇ ನಿಂತಿತು. ವರ್ಷಗಳು ಓಡಿದವು, ಗುಡ್ಡೆ ಹೆಚ್ಚು ಬೆಳೆಯಲಿಲ್ಲ, ಫ್ಯಾನಿಗೂ ದೀಪಕ್ಕೂ ಒಂದಿಷ್ಟು ಬಿತ್ತು ಅಷ್ಟೇ. ಆದರೆ ಕಟ್ಟಿದ ದಿನದ ಗುಡ್ಡೆಯೇ ಎದೆಯೆತ್ತರ ಇತ್ತು.

ಹಂಪಮ್ಮ ಅದರ ಎದುರು ನಿಂತಳು. ‘ಆಮೇಲಿಂದು ಆಮೇಲಾಯ್ತು. ಮೊದಲ ದಿನದ ಗುಡ್ಡೇನೇ ನಮಗೆ ಹಾರೋಕಾಗಲ್ಲವ್ವ. ನಮ್ಮ ಹತ್ರ ಇರೋದು ಸೊಂಟದಷ್ಟೇ.’

‘ನಾ ಹೇಳಿದ್ದೂ ಅದನ್ನ’ ಎಂದರು ಕಟ್ಟಿ ಸರ್, ಮೆಲ್ಲಗೆ.

ಪಾರಿಜಾತಳ ಪಾದಗಳು ಒಂದರ ಮೇಲೊಂದು ಏರಿದ್ದನ್ನು ನಾನು ಕಂಡೆ. ಇನ್ನೇನು ಅವಳು ‘ಇರಬಹುದು ಸರ್’ ಎನ್ನುತ್ತಾಳೆ ಎಂದುಕೊಂಡೆ. ಅವಳು ಎಂದಳು: ‘ಹಾಗಾದರೆ ಬೇಡದ್ದನ್ನ ತೆಗೆಯೋಣ ಅಮ್ಮ. ನೀವು ಮುಟ್ಟಿದ್ದನ್ನ ನಾನು ತೆಗೀತೀನಿ. ಗುಡ್ಡೆ ಎಷ್ಟು ಇಳಿಯುತ್ತೆ ನೋಡಿ.’

ಅಲ್ಲಿಂದ ಮುಂದಿನದೇ ನನ್ನ ಬಾಳಿನ ದೊಡ್ಡ ಮಧ್ಯಾಹ್ನ. ಹಂಪಮ್ಮ ಹುಡುಕುತ್ತ ನಡೆದಳು. ಮುಂದಿನ ಪೋರ್ಟಿಕೋ ಮುಟ್ಟಿದಳು. ‘ಕಾರು ಯಾರಿಗೈತೆ?’ ಪೋರ್ಟಿಕೋ ಹೋಯಿತು. ಹೊರಗಿನ ಗಾರೆ ಹೋಯಿತು. ‘ಇಟ್ಟಿಗೆ ಕಂಡರೆ ಕಾಣಲಿ.’ ಬಂದವರು ಕೂರುವ ಕೋಣೆ ಹೋಯಿತು. ಕೆಳಗೆ ಟಿವಿಯ ಮುಂದೆ ಕೂತವರು ಒಬ್ಬೊಬ್ಬರಾಗಿ ಕೂಗಿ ಹೇಳತೊಡಗಿದರು, ಅದು ತೆಗಿ, ಇದು ತೆಗಿ. ಗುಡ್ಡೆ ಹಂತ ಹಂತವಾಗಿ ತಗ್ಗಿತು.

‘ಆ ತೂತಿನ ಗೋಡೆ ಯಾಕೆ? ತೆಗೀರಿ’ ಎಂದಳು ಮಾಬುನ್ನಿ.

‘ಅದು ಗಾಳಿಗೆ’ ಎಂದಳು ಪಾರಿಜಾತ.

‘ಹಂಗಾದ್ರೆ ಇರ್ಲಿ. ಮೊದಲೇ ಹೇಳಬಾರದಾ, ಚಂದಕ್ಕೆ ಅಂದ್ಕೊಂಡೆ.’

ಇನ್ನೂ ಗೇಣಷ್ಟು ಇಳಿಯಬೇಕಿತ್ತು. ಆಗ ಹಂಪಮ್ಮ ಹೊರಗೆ ಬಂದು ಗೇಟಿನ ಮುಂದೆ ನಿಂತಳು. ಅಲ್ಲೊಂದು ಕಲ್ಲಿನ ಕಮಾನು ಇತ್ತು, ಲಾರಿ ಹೋಗುವಷ್ಟು ಎತ್ತರ, ಮೇಲೆ ಸಂಘದ ಹೆಸರು. ಮೊದಲ ನಕ್ಷೆಯಲ್ಲೇ ಅದನ್ನು ಹಾಕಿಸಿದ್ದವಳು ಅವಳೇ, ಪಾರಿಜಾತ ಎರಡನೆಯದರಲ್ಲೂ ಉಳಿಸಿದ್ದಳು. ಚಿಕ್ಕಂದಿನಿಂದ ಬೇರೆಯವರ ಹೆಸರಿನ ಬೋರ್ಡಿನ ಕೆಳಗೆ ಹಾದು ಕೆಲಸಕ್ಕೆ ಹೋದವಳು. ಒಮ್ಮೆಯಾದರೂ ತಮ್ಮ ಹೆಸರಿನ ಕೆಳಗೆ ಹಾದು ಒಳಗೆ ಹೋಗಬೇಕು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಆದ್ದರಿಂದ ಅದನ್ನು ತೆಗಿ ಎಂದು ಕೆಳಗಿನಿಂದ ಯಾರೂ ಕೂಗಲಿಲ್ಲ.

ಅವಳು ಕತ್ತೆತ್ತಿ ಹೆಸರನ್ನು ಓದಿದಳು. ನನ್ನ ಗಾಜು ಮಂಜಾಯಿತು.

‘ಒಳಗೆ ಉಗಿ ಬಂದೈತೆ, ಒರಸವ್ವ’ ಎಂದಳು. ಅದು ಉಗಿಯಲ್ಲ ಎಂದು ನನಗೊಬ್ಬನಿಗೆ ಗೊತ್ತು. ಪಾರಿಜಾತ ಒರೆಸಿ ಮತ್ತೆ ಕಟ್ಟಿದಳು. ಹಂಪಮ್ಮ ಕೈ ಚಾಚಿ ಕಮಾನನ್ನು ಮುಟ್ಟಿದಳು. ಗೇಟಿನ ಮೇಲೆ ಬರೀ ಆಕಾಶ ಉಳಿಯಿತು. ಗುಡ್ಡೆ ಸೊಂಟಕ್ಕಿಂತ ಪ್ಯಾಂಟುಗಳ ಒಂದು ಪದರದಷ್ಟೇ ಮೇಲಿತ್ತು.

‘ಅಷ್ಟನ್ನ ಹೊಲಿದು ಹಾಕೋಣ’ ಎಂದಳು.

ಆಗ ಪಾರಿಜಾತ ಹೇಳಬೇಕಾಗಿಯೇ ಇಲ್ಲದ ಮಾತೊಂದನ್ನು ಹೇಳಿದಳು. ‘ಒಂದು ಮಾತು. ಈ ಕನ್ನಡಕ ಬಿಸಿಲನ್ನ ತೋರಿಸುತ್ತೆ, ಸುಡಿಸಲ್ಲ. ಒಳಗೆ ಎಷ್ಟು ತಂಪಾಗುತ್ತೆ ಅಂತ ನಾನು ಆಣೆ ಮಾಡಿ ಹೇಳಲಾರೆ. ಲೆಕ್ಕದಲ್ಲಿ ಬಂದದ್ದನ್ನ ತೋರಿಸಿದ್ದೀನಿ, ಅಷ್ಟೇ.’

‘ಆಣೆ ಬೇಡ ಬಿಡಿ ಮೇಡಂ’ ಎಂದಳು ಮಾಬುನ್ನಿ. ‘ಸುಡೋದು ಯಾವುದು ಅಂತ ಗೊತ್ತಾಯ್ತಲ್ಲ.’

‘ಇಟ್ಟಿಗೆಗೆ ಒಪ್ಪಿದೋರು ಕೈ ಎತ್ತಿ’ ಎಂದಳು ಹಂಪಮ್ಮ, ನನ್ನನ್ನು ಕಟ್ಟಿಕೊಂಡೇ. ಅವಳ ಕಣ್ಣೆದುರು ಇದ್ದದ್ದು ಬರಿಯ ಇಟ್ಟಿಗೆ ಗೋಡೆ. ಅವಳಿಗೆ ಕಾಣದ ಕೈಗಳನ್ನು ನಾನು ನೋಡಿದೆ. ಸೂಜಿ ಚುಚ್ಚಿದ ಬೆರಳುಗಳು, ನೀಲಿ ಬಣ್ಣ ಹತ್ತಿದ ಅಂಗೈಗಳು, ಕೆಲವು ಅರ್ಧ ಎದ್ದು ಅಕ್ಕಪಕ್ಕ ನೋಡಿ ಪೂರ್ತಿ ಎದ್ದವು.

‘ಎಷ್ಟು ಮಂದಿನೇ?’

‘ಎಲ್ಲರೂ ಎತ್ಯಾರೆ ಅಕ್ಕ. ಕಟ್ಟಿ ಸರ್ ಒಬ್ಬರು ಬಿಟ್ಟು.’

‘ಅವರು ಮೆಂಬರಲ್ಲ’ ಎಂದಳು ಹಂಪಮ್ಮ. ಕಟ್ಟಿ ಸರ್ ಕೂಡ ನಕ್ಕುಬಿಟ್ಟರು.

ಕಟ್ಟುವ ಕೆಲಸವನ್ನು ನಾನು ಹೆಚ್ಚು ನೋಡಲಿಲ್ಲ. ಪಾರಿಜಾತ ನನ್ನನ್ನು ಚೀಲದಲ್ಲಿಟ್ಟುಕೊಂಡು ನಿವೇಶನಕ್ಕೆ ಹೋಗುತ್ತಿದ್ದಳು. ಪೊಳ್ಳು ಬಿಟ್ಟು ಗೋಡೆ ಕಟ್ಟುವುದು ಮೇಸ್ತ್ರಿಗೆ ಅರ್ಥವಾಗದಿದ್ದಾಗ ಹೊರತೆಗೆದು ತೋರಿಸುತ್ತಿದ್ದಳು. ಮಾಡಿಗೆ ಮಡಕೆ ಹಾಕಿದ ದಿನ ಹೆಂಗಸರೇ ಸಾಲಾಗಿ ನಿಂತು ಕೈಯಿಂದ ಕೈಗೆ ಮಡಕೆ ದಾಟಿಸಿದರಂತೆ. ನೆಲಕ್ಕೆ ಬರುವಷ್ಟರಲ್ಲಿ ಕೂಡಿಟ್ಟದ್ದು ಮುಗಿಯಿತು. ಕಟ್ಟಿ ಸರ್ ಬಂದು ನೋಡಿ, ‘ಅರ್ಧಕ್ಕ ನಿಲ್ಲಲಿಲ್ಲ ನೋಡವಾ, ಮುಕ್ಕಾಲಕ್ಕ ನಿಂತೈತಿ’ ಎಂದರು. ಪಾರಿಜಾತಳಿಗೆ ಅನ್ನ ಇಳಿಯದ ದಿನಗಳು ಅವು. ತಾನು ಉತ್ತರ ಹೇಳಬೇಕು ಎಂದು ಹಂಪಮ್ಮನ ಬಳಿಗೆ ಹೋದರೆ, ಅವಳು ಮಿಷಿನ್ನಿನಿಂದ ತಲೆಯೆತ್ತದೆ, ‘ನಮ್ಮ ಮನೆ, ನಾವು ಮುಗಿಸ್ತೀವಿ. ನೀನು ಊಟ ಮಾಡು ಹೋಗು’ ಎಂದಳು. ಒರಟು ಕಾಂಕ್ರೀಟಿನ ಮೇಲೆ ಗೋಣಿತಟ್ಟು ಹಾಸಿಕೊಂಡು ಹೆಂಗಸರು ಅಲ್ಲೇ ಹೊಲಿಯಲು ಕೂತರು. ಹಳೆ ಶೆಡ್ಡಿಗೆ ಕಟ್ಟುತ್ತಿದ್ದ ಬಾಡಿಗೆ ಉಳಿದು, ಕೂಡಿ, ಮರು ಯುಗಾದಿಯ ಹೊತ್ತಿಗೆ ನೆಲಕ್ಕೆ ಕಲ್ಲು ಬಂತು.

ನೆಲದ ಕೆಲಸ ಮುಗಿದ ಮೇಲೆ ಪಾರಿಜಾತ ನನ್ನನ್ನು ಸಂಘಕ್ಕೇ ಕೊಟ್ಟಳು. ನನ್ನ ಹರಿದ ಪಟ್ಟಿಗೆ ಮಾಬುನ್ನಿ ಜೀನ್ಸ್ ಬಟ್ಟೆಯ ಹೊಸ ಪಟ್ಟಿ ಹೊಲಿದಳು, ಕಿತ್ತಳೆ ದಾರದ ಎರಡು ಸಾಲು ಹೊಲಿಗೆ ಹಾಕಿ. ಕೆಲವು ತಿಂಗಳು ಬೇರೆ ಸಂಘದವರು ಬಂದು ನನ್ನೊಳಗೆ ಇಣುಕಿ ಹೋದರು. ಆಮೇಲೆ ನನ್ನ ಬ್ಯಾಟರಿ ಊದಿಕೊಂಡಿತು. ಅದನ್ನು ಕಿತ್ತು, ನನ್ನನ್ನು ಗುಂಡಿ ಡಬ್ಬಿಗಳ ಪಕ್ಕದ ಗೂಡಿನಲ್ಲಿಟ್ಟರು. ಒಳಗಿನ ಸ್ಪಂಜಿಗೆ ಯಾರದೋ ಸ್ಟಿಕ್ಕರ್ ಬೊಟ್ಟು ಅಂಟಿಕೊಂಡಿದೆ. ಹಂಪಮ್ಮನದು ಎಂದು ನನ್ನ ನಂಬಿಕೆ.

ಇಲ್ಲಿ ಕೂತು ಒಂದು ಮಾತು ಯೋಚಿಸುತ್ತೇನೆ. ಗಿರಾಕಿಗಳಿಗೆ ನಾನು ಮನೆಯನ್ನು ಮಾರಿದೆ. ಈ ಹೆಂಗಸರು ನನ್ನನ್ನು ಕಟ್ಟಿಕೊಂಡು ಮನೆಯನ್ನು ತೂಗಿದರು. ಯಂತ್ರ ಎರಡೂ ಕಡೆ ಒಂದೇ. ಒಳಗೆ ಸೂರ್ಯನನ್ನು ಅಲ್ಲಾಡಲು ಬಿಟ್ಟವಳೊಬ್ಬಳು ಬೇಕಿತ್ತು, ಕಾಲು ಸುಟ್ಟಾಗ ಬಾಯಿಬಿಟ್ಟು ಕೇಳಿದವಳೊಬ್ಬಳು ಬೇಕಿತ್ತು.

ಪಾರಿಜಾತಳ ಲೆಕ್ಕ ಇಪ್ಪತ್ತು ವರ್ಷಗಳದ್ದು. ಈಗ ಆಗಿರುವುದು ಎರಡು ಬೇಸಿಗೆ. ಗುಡ್ಡೆ ಅವಳು ತೋರಿಸಿದಷ್ಟೇ ಬೆಳೆಯುತ್ತದೋ ಇಲ್ಲವೋ, ನೋಡಲು ನನಗೆ ಕಣ್ಣಿಲ್ಲ. ಕಿವಿಯೂ ಇಲ್ಲ ಎನ್ನಬೇಕು, ಬ್ಯಾಟರಿ ಹೋದ ಮೇಲೆ ಕೇಳುತ್ತಿರುವುದು ನಿಜವೋ ನೆನಪೋ ನನಗೇ ತಿಳಿಯದು. ಮಧ್ಯಾಹ್ನ ಮಿಷಿನ್ನುಗಳ ಸದ್ದು ನಿಲ್ಲುವುದಿಲ್ಲ ಎಂದು ಅನ್ನಿಸುತ್ತದೆ. ಊಟ ಮುಗಿಸಿ ಬಂದವರು ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಕಲ್ಲಿನ ಮೇಲೆ ಕಾಲಿಟ್ಟು, ಒಂದು ಕ್ಷಣ ಹಾಗೇ ನಿಲ್ಲುತ್ತಾರೆ ಎಂದೂ ಅನ್ನಿಸುತ್ತದೆ. ಆ ಕ್ಷಣದಲ್ಲಿ ಅವರ ಅಂಗಾಲಿಗೆ ಏನು ತಿಳಿಯುತ್ತದೆ? ತಂಪು ಎಂದರೆ ಏನು ಎಂಬುದನ್ನು ನಾನು ಯಾರಿಗೂ ತೋರಿಸಲಾಗಲಿಲ್ಲ. ನನಗೂ ಅದು ಗೊತ್ತಿಲ್ಲ.